ಬರುವಾಗ ಮಾತ್ರ ನಡುಗುವ ಕಾರು

ಆ ಬಿಳಿ ಕಾರು ಮೊದಲ ಸಲ ಗುಂಡ್ಲುಪೇಟೆಯ ನನ್ನ ವರ್ಕ್‌ಶಾಪಿನ ಮುಂದೆ ಬಂದು ನಿಂತಾಗ ಹಿಂದಿನ ಸೀಟಿನಲ್ಲಿ ಒಬ್ಬ ಅಜ್ಜಿ ಮಲಗಿದ್ದರು. ಎಡಗೈಗೆ ದಪ್ಪನೆಯ ಬ್ಯಾಂಡೇಜು, ಹಣೆ ತುಂಬ ವಿಭೂತಿ, ತಲೆಯ ಕೆಳಗೆ ಮಡಿಸಿದ ಕಂಬಳಿ. ಓಡಿಸಿಕೊಂಡು ಬಂದವಳು ಅವರ ಸೊಸೆ. ಇಳಿದವಳೇ ಮೊದಲು ಹಿಂದಿನ ಬಾಗಿಲು ತೆಗೆದು ಅಜ್ಜಿಯ ಬಾಯಿ ಒರೆಸಿದಳು. ಆಸ್ಪತ್ರೆಯಿಂದ ಬರುವ ದಾರಿಯಲ್ಲಿ ವಾಂತಿಯಾಗಿತ್ತು.

"ಅಣ್ಣ, ನಿಧಾನಕ್ಕೆ ಓಡ್ಸಿದ್ರೆ ಈ ಕಾರು ನಡುಗ್ತದೆ. ಜೋರಾಗಿ ಹೋದ್ರೆ ಏನೂ ಇಲ್ಲ. ಆದ್ರೆ ಅತ್ತೇನ ಕೂರಿಸ್ಕಂಡು ಜೋರಾಗಿ ಓಡ್ಸಕ್ಕಾಗಲ್ಲ" ಅಂದಳು.

ಹಿಂದಿನಿಂದ ಅಜ್ಜಿಯ ದನಿ ಬಂತು. "ಕಾರಲ್ಲ ಕಣಪ್ಪ ಇದು, ಜರಡಿ. ನನ್ನ ರಾಗಿ ಅನ್ಕಬುಟ್ಟದೆ."

ಅಷ್ಟು ಸುಸ್ತಿನಲ್ಲೂ ಆ ಮಾತು ಬಂದದ್ದಕ್ಕೆ ನನಗೆ ನಗು ಬಂತು. ಅಜ್ಜಿಗೂ ನಾನು ನಕ್ಕಿದ್ದು ಇಷ್ಟವಾಯಿತು ಅನ್ನಿಸುತ್ತದೆ, ಕಣ್ಣು ಬಿಟ್ಟು ನನ್ನನ್ನು ನೋಡಿದರು.

ಅವರದು ತೆರಕಣಾಂಬಿ. ಅಜ್ಜಿಯ ಎರಡೂ ಕಿಡ್ನಿ ಕೆಲಸ ನಿಲ್ಲಿಸಿದ್ದವು. ವಾರಕ್ಕೆ ಎರಡು ಸಲ ಚಾಮರಾಜನಗರದ ಆಸ್ಪತ್ರೆಗೆ ಹೋಗಿ ಡಯಾಲಿಸಿಸ್ ಮಾಡಿಸಿಕೊಂಡು ಬರಬೇಕಿತ್ತು. ಮೊದಲು ಬಸ್ಸಿನಲ್ಲಿ ಹೋಗುತ್ತಿದ್ದರು. ಬರುವಾಗ ಮೈಯಲ್ಲಿ ಶಕ್ತಿಯೇ ಇರುತ್ತಿರಲಿಲ್ಲವಂತೆ. ಒಂದು ದಿನ ಬಸ್ಸಿನೊಳಗೇ ಬಿದ್ದುಬಿಟ್ಟಿದ್ದರು. ಮಗ ಲಾರಿ ಡ್ರೈವರ್, ತರಕಾರಿ ತುಂಬಿಕೊಂಡು ಕೇರಳಕ್ಕೆ ಹೋದರೆ ವಾಪಸು ಬರುವುದು ಯಾವಾಗಲೋ. ಅವನೇ ಈ ಹಳೆಯ ಡೀಸೆಲ್ ಕಾರು ಕೊಂಡುತಂದು, ಹೆಂಡತಿಗೆ ಓಡಿಸಲು ಕಲಿಸಿ, ಅವ್ವನ ಜವಾಬ್ದಾರಿ ಅವಳಿಗೆ ಒಪ್ಪಿಸಿದ್ದ.

ಅವತ್ತು ಅಜ್ಜಿಯನ್ನು ಬಿಸಿಲಲ್ಲಿ ಕಾಯಿಸುವುದು ಬೇಡವೆಂದು ಮಾರನೆಯ ದಿನ ಕಾರು ತರಲು ಹೇಳಿ ಕಳಿಸಿದೆ.

ಮಾರನೆಯ ದಿನ ಸೊಸೆ ಒಬ್ಬಳೇ ತಂದು ಬಿಟ್ಟುಹೋದಳು. ನಾನು ಮೈಸೂರು ರಸ್ತೆಯಲ್ಲಿ ಒಂದು ಸುತ್ತು, ಊಟಿ ರಸ್ತೆಯಲ್ಲಿ ಒಂದು ಸುತ್ತು ಹೋಗಿಬಂದೆ. ಕಾರು ಹಾಲಿನ ಹಾಗೆ ಓಡಿತು. ನಡುಕ ಇಲ್ಲ, ಸದ್ದು ಇಲ್ಲ.

ವೇಗ ಹೆಚ್ಚಾದಾಗ ನಡುಗುವ ಕಾರಿನ ಕಾರಣ ಹುಡುಕುವುದು ಸುಲಭ. ಹೆಚ್ಚಿನಂಶ ಚಕ್ರದ ಬ್ಯಾಲೆನ್ಸ್ ತಪ್ಪಿರುತ್ತದೆ. ನಿಧಾನದಲ್ಲಿ ನಡುಗುವುದು ಬೇರೆ ಜಾತಿ. ಟೈರಿನ ಒಳಪದರ ಬಿಟ್ಟುಕೊಂಡಿರಬಹುದು, ರಿಮ್ ಬಗ್ಗಿರಬಹುದು, ಎಂಜಿನ್ ಕೂತಿರುವ ರಬ್ಬರು ಹರಿದಿರಬಹುದು, ಕ್ಲಚ್ ಪ್ಲೇಟು ಸವೆದಿರಬಹುದು. ಒಂದೊಂದನ್ನೇ ತಳ್ಳಿಹಾಕುತ್ತ ಬರಬೇಕು. ಜಾಕ್ ಕೊಟ್ಟು ಮುಂದಿನ ಚಕ್ರಗಳನ್ನು ಎತ್ತಿ, ಟೈರಿಗೆ ಸೀಮೆಸುಣ್ಣ ತಾಕಿಸಿ ಹಿಡಿದು, ಕೈಯಲ್ಲಿ ತಿರುಗಿಸಿದೆ. ಟೈರು ಪೂರ್ತಿ ದುಂಡಗಿದ್ದರೆ ಸುತ್ತಲೂ ಒಂದೇ ಗೆರೆ ಬೀಳುತ್ತದೆ. ಬಲಗಡೆಯ ಟೈರಿನಲ್ಲಿ ಗೆರೆ ಒಂದು ಕಡೆ ದಪ್ಪವಾಗಿ, ಇನ್ನೊಂದು ಕಡೆ ಅಳಿಸಿಹೋದ ಹಾಗೆ ಬಿತ್ತು. ಸಿಕ್ಕಿಬಿತ್ತು ಅಂದುಕೊಂಡೆ.

ನಮ್ಮ ಬೀದಿಯ ಕೊನೆಯಲ್ಲಿ ವೀಲ್ ಅಲೈನ್‌ಮೆಂಟ್ ಅಂಗಡಿ ಇಟ್ಟಿರುವ ಮಲಯಾಳಿ ಗೆಳೆಯನ ಹತ್ತಿರ ಒಯ್ದು ಆ ಟೈರು ಬದಲಿಸಿ, ನಾಲ್ಕೂ ಚಕ್ರದ ಬ್ಯಾಲೆನ್ಸ್ ಮಾಡಿಸಿದೆ. ಅವನು ಮಾತ್ರ ತಲೆ ಅಲ್ಲಾಡಿಸಿದ. "ಚೇಟಾ, ಇಷ್ಟು ಸಣ್ಣ ವ್ಯತ್ಯಾಸಕ್ಕೆ ಮನುಷ್ಯರಿಗೆ ವಾಂತಿ ಬರಲ್ಲ. ಬೇರೆ ಏನೋ ಉಂಟು."

ಅವನು ಹೇಳಿದ್ದೇ ಸರಿಯಾಯಿತು. ಮುಂದಿನ ಡಯಾಲಿಸಿಸ್ ದಿನ ಸಂಜೆ ಸೊಸೆ ಫೋನ್ ಮಾಡಿದಳು. "ಅಂಗೇ ಅದೆ ಅಣ್ಣ. ಏನೂ ಕಮ್ಮಿ ಆಗಿಲ್ಲ."

ಎರಡನೆಯ ಸಲ ಬಂದಾಗ ಎಂಜಿನ್ನಿನ ರಬ್ಬರುಗಳನ್ನು ನೋಡಿದೆ. ಒಂದು ಬಿರುಕು ಬಿಟ್ಟಿತ್ತು, ಬದಲಿಸಿದೆ. ಕ್ಲಚ್ ಪರೀಕ್ಷಿಸಿದೆ, ಚೆನ್ನಾಗಿಯೇ ಇತ್ತು. ಕೆಳಗೆ ಮಲಗಿ ಗೇರ್‌ಬಾಕ್ಸಿನಿಂದ ಮುಂದಿನ ಚಕ್ರಗಳಿಗೆ ಶಕ್ತಿ ಒಯ್ಯುವ ಎರಡು ಶಾಫ್ಟುಗಳನ್ನೂ ನೋಡಿದೆ. ಶಾಫ್ಟಿನ ಎರಡು ತುದಿಯಲ್ಲೂ ಒಂದೊಂದು ಕೀಲು ಇರುತ್ತದೆ, ಅದರ ಮೇಲೆ ಗ್ರೀಸು ಹೊರಗೆ ಹೋಗದ ಹಾಗೆ ರಬ್ಬರಿನ ಚೀಲ. ಚೀಲ ಹರಿದರೆ ಕೀಲು ಹಾಳಾಯಿತು ಎಂದೇ ಲೆಕ್ಕ. ನಾಲ್ಕು ಚೀಲವೂ ಗಟ್ಟಿಯಾಗಿದ್ದವು. ಹಾಗಾಗಿ ಆ ಕಡೆ ಮತ್ತೆ ಯೋಚಿಸಲಿಲ್ಲ.

ಕಾರು ವಾಪಸು ಹೋಯಿತು. ನಡುಕವೂ ಅದರ ಜೊತೆಗೇ ತೆರಕಣಾಂಬಿಗೆ ಹೋಯಿತು.

ಆಮೇಲೆ ಬಂದದ್ದು ಲಾರಿ ಓಡಿಸುವ ಮಗನ ಫೋನು. ಅವನು ರಜೆಗೆ ಊರಿಗೆ ಬಂದಿದ್ದ. "ಅಣ್ಣ, ನಾನೇ ನೆನ್ನೆಯಿಂದ ಓಡುಸ್ತಾವ್ನಿ, ಒಂದ್ ಚೂರೂ ನಡುಗ್ನಿಲ್ಲ. ಕಾರಲ್ಲಿ ಏನೂ ಇಲ್ಲ. ಇವ್ಳು ಕ್ಲಚ್ ಮೇಲೆ ಕಾಲ್ ಮಡಿಕ್ಕಂಡೇ ಓಡುಸ್ತಾಳೆ, ಅದ್ಕೇ ಅದುರ್ತದೆ. ನೀವು ಸುಮ್ನೆ ತಲೆ ಕೆಡಿಸ್ಕಬೇಡಿ. ಕಾರ್ ಮಾರ್ಬುಡನ ಅಂತಿವ್ನಿ."

"ಮಾರಿದ್ರೆ ಅಜ್ಜಿ ಹೆಂಗೆ ಹೋಗೋದು?" ಅಂದೆ.

"ಅವ್ವ ಇನ್ ಓಗದೇ ಇಲ್ಲ ಅಂತ ಕುಂತದೆ ಅಣ್ಣ" ಅಂದ. ಫೋನಿನಲ್ಲಿ ಅವನ ದನಿ ಬದಲಾಗಿತ್ತು. "ಸಾಕು ಬುಡ್ಲಾ, ನನ್ನ ಈ ಅಟ್ಟೀಲೇ ಇರಕ್ ಬುಡಿ ಅಂತದೆ. ಆಸ್ಪತ್ರೆದಾದ್ರೂ ತಡ್ಕಬೋದಂತೆ, ಆ ದಾರಿ ತಡ್ಯಕಾಯ್ತಿಲ್ವಂತೆ."

ಡಯಾಲಿಸಿಸ್ ಬಿಟ್ಟರೆ ಏನಾಗುತ್ತದೆ ಎಂಬುದು ಅವನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಫೋನಿಟ್ಟ ಮೇಲೆ ಬೇರೆ ಗಾಡಿಯ ಕೆಲಸಕ್ಕೆ ಕೈ ಹಾಕಿದೆನಾದರೂ ಮನಸ್ಸು ಅಲ್ಲೇ ಇತ್ತು. ನಾನು ಓಡಿಸಿದರೆ ನಡುಗುವುದಿಲ್ಲ, ಮಗ ಓಡಿಸಿದರೂ ನಡುಗುವುದಿಲ್ಲ, ಸೊಸೆ ಓಡಿಸಿದರೆ ನಡುಗುತ್ತದೆ. ಹಾಗೆ ನೋಡಿದರೆ ಮಗ ಹೇಳಿದ್ದರಲ್ಲಿ ತಪ್ಪೇನೂ ಕಾಣಲಿಲ್ಲ. ಆದರೆ ಅವಳ ಕ್ಲಚ್ ಪ್ಲೇಟನ್ನು ನಾನೇ ಪರೀಕ್ಷಿಸಿದ್ದೆ. ಯಾವಾಗಲೂ ಕ್ಲಚ್ ಮೇಲೆ ಕಾಲಿಡುವವರ ಕಾರಿನ ಕ್ಲಚ್ ಅಷ್ಟು ಚೆನ್ನಾಗಿ ಉಳಿದಿರುವುದಿಲ್ಲ. ಎಲ್ಲರೂ ಕಾರನ್ನು ಅವಳಿಂದ ಬೇರೆ ಮಾಡಿ ನೋಡುತ್ತಿದ್ದೆವು. ಅವಳು ಹೋಗುವ ದಾರಿಯಲ್ಲಿ, ಅವಳು ಓಡಿಸುವ ಹಾಗೆ, ಅವಳ ಪಕ್ಕ ಕೂತು ಯಾರೂ ನೋಡಿರಲಿಲ್ಲ.

ಸಂಜೆ ಸೊಸೆಗೆ ಫೋನ್ ಮಾಡಿದೆ. "ಅಜ್ಜೀನ ಒಂದೇ ಒಂದು ಸಲ ಒಪ್ಪಿಸಮ್ಮ. ಈ ಸಲ ನಾನೂ ಜೊತೇಲಿ ಬರ್ತೀನಿ."

ಅಜ್ಜಿಯೇ ಫೋನು ಕಸಿದುಕೊಂಡರು. "ನೀನ್ಯಾಕಪ್ಪ ಬತ್ತೀಯೆ? ನಿನ್ಗೂ ವಾಂತಿ ಮಾಡ್ಬೇಕು ಅನ್ನುಸ್ತಾ?"

"ಹೂಂ ಅಜ್ಜಿ, ಒಂದ್ ಸಲ ಮಾಡಿ ನೋಡನ ಅಂತ."

ಅವರು ನಕ್ಕರು. ಬರುತ್ತೇನೆ ಎಂದು ಹೇಳಲಿಲ್ಲ, ಬರುವುದಿಲ್ಲ ಎಂದೂ ಹೇಳಲಿಲ್ಲ. ಆದರೆ ಡಯಾಲಿಸಿಸ್ ದಿನ ಬೆಳಿಗ್ಗೆ ನಾನು ವರ್ಕ್‌ಶಾಪಿಗೆ ಬೀಗ ಹಾಕಿ ತೆರಕಣಾಂಬಿಯಲ್ಲಿ ಬಸ್ಸು ಇಳಿದಾಗ ಅಜ್ಜಿ ಸೀರೆ ಉಟ್ಟು, ಕಂಬಳಿ ಮಡಿಸಿಕೊಂಡು ಜಗಲಿಯ ಮೇಲೆ ಕೂತಿದ್ದರು. ಮಗ ಹಿಂದಿನ ದಿನವೇ ಲೋಡಿಗೆ ಹೋಗಿದ್ದ.

ಸೊಸೆ ಕಾರಿನೊಳಗೆ ಕೂರುವ ಮೊದಲು ಚಪ್ಪಲಿ ಬಿಟ್ಟು ಪಕ್ಕಕ್ಕೆ ಇಟ್ಟಳು.

"ಬರಿಗಾಲಲ್ಲಿ ಯಾಕಮ್ಮ?"

"ಪೆಡ್ಲು ಕಾಲಿಗೆ ಚೆನ್ನಾಗಿ ಗೊತ್ತಾಗ್ಲಿ ಅಂತ" ಅಂದಳು. ನನ್ನ ಕಡೆ ನೋಡಲಿಲ್ಲ. "ತಪ್ಪು ನನ್ದೇ ಇರ್ಬೋದಲ್ವಾ ಅಣ್ಣ? ಅವ್ರು ಅಷ್ಟು ವರ್ಷದಿಂದ ಲಾರಿ ಓಡ್ಸೋರು."

ಗೊತ್ತಿಲ್ಲದ್ದನ್ನು ಹೇಳಿ ಸಮಾಧಾನ ಮಾಡುವುದು ನನಗೆ ಬೇಡವಾಗಿತ್ತು.

ಹೋಗುವಾಗ ಕಾರು ಚೆನ್ನಾಗಿಯೇ ಹೋಯಿತು. ಅವಳು ನಿಧಾನವಾಗಿ ಓಡಿಸುತ್ತಿದ್ದಳು, ಹಂಪು ಬಂದರೆ ಬಹಳ ಮೊದಲೇ ವೇಗ ತಗ್ಗಿಸುತ್ತಿದ್ದಳು, ಹಳ್ಳ ಕಂಡರೆ ಬಳಸಿ ಹೋಗುತ್ತಿದ್ದಳು. ಎಡಗಾಲು ಕ್ಲಚ್ಚಿನ ಮೇಲಲ್ಲ, ಪಕ್ಕದಲ್ಲಿ ನೆಲದ ಮೇಲೆ ಇತ್ತು. ಎರಡೂ ಕಡೆ ಚೆಂಡುಹೂವಿನ ಹೊಲಗಳಲ್ಲಿ ಹೆಂಗಸರು ಹೂ ಬಿಡಿಸುತ್ತಿದ್ದರು. ಅಜ್ಜಿ ಕಿಟಕಿಯಿಂದ ನೋಡುತ್ತ, ಇದು ಯಾರ ಹೊಲ, ಇದರ ಬಾವಿಯಲ್ಲಿ ನೀರು ಯಾವಾಗ ಬತ್ತಿತು ಎಂದೆಲ್ಲ ಹೇಳಿಕೊಂಡು ಬಂದರು. ನಡುಕದ ಸುಳಿವೇ ಇಲ್ಲ.

"ಓಗುವಾಗ ಯಾವತ್ತೂ ಇಂಗೆಯ, ಬಂಗಾರದಂಗೆ ಓಯ್ತದೆ" ಅಂದರು ಅಜ್ಜಿ. "ಬರುವಾಗ ಅದ್ಕೆ ದೆವ್ವ ಮೆಟ್ಕತದೆ."

ನಾನು ತಿರುಗಿ ನೋಡಿದೆ. "ಬರುವಾಗ ಮಾತ್ರನಾ ಅಜ್ಜಿ?"

"ಊಂ ಕಣಪ್ಪ. ನಾನು ಏಳ್ನಿಲ್ವಾ?"

ಅವರು ಹೇಳಿರಲಿಲ್ಲ. ನಾನು ಕೇಳಿರಲೂ ಇಲ್ಲ.

ಆಸ್ಪತ್ರೆಯಲ್ಲಿ ಅಜ್ಜಿಯನ್ನು ಒಳಗೆ ಕಳಿಸಿ, ಹೊರಗಿನ ಬೆಂಚಿನ ಮೇಲೆ ಕೂತೆವು. ಕಾಯುವುದು ಬಹಳ ಹೊತ್ತಿನ ಕೆಲಸ. ಸೊಸೆ ತಾನು ಕಾರು ಕಲಿತ ಕಥೆ ಹೇಳಿದಳು. ಸ್ಟೇರಿಂಗ್ ಹಿಡಿದರೆ ಕೈ ಬೆವರುತ್ತಿತ್ತಂತೆ. ಕಲಿಯುವಾಗ ಅಜ್ಜಿಯೂ ಹಟ ಹಿಡಿದು ಹಿಂದೆ ಕೂರುತ್ತಿದ್ದರಂತೆ, ಬಿದ್ದರೆ ಇಬ್ಬರೂ ಒಟ್ಟಿಗೆ ಬೀಳೋಣ ಎಂದು. ಲೈಸೆನ್ಸ್ ಬಂದ ದಿನ ಬೀದಿಯವರಿಗೆಲ್ಲ ಸಕ್ಕರೆ ಹಂಚಿದ್ದರಂತೆ. "ನನ್ನ ಅವ್ವ ನಾನು ಚಿಕ್ಕವಳಿರುವಾಗ್ಲೇ ತೀರ್ಕೊಂಡ್ರು ಅಣ್ಣ. ಇವ್ರನ್ನ ಅತ್ತೆ ಅಂತ ಕರಿಯೋದು ಬಾಯಿಮಾತಿಗೆ ಅಷ್ಟೇ" ಅಂದಳು. ಆಮೇಲೆ ಎದ್ದು, "ನೀವು ಇಲ್ಲೇ ಇರಿ, ನಾನು ಬೂಸಾ ತಂದ್ಬುಡ್ತೀನಿ" ಅಂದಳು.

"ಯಾವ ಬೂಸಾ?"

"ಹಸುಗಳಿಗೆ. ಬಂದಾಗೆಲ್ಲ ಇಲ್ಲಿಂದ್ಲೇ ತಗೊಂಡೋಗದು. ಡಿಕ್ಕೀಲಿ ಹಾಕೊಂಡು."

ನಾನು ಬೆಂಚಿನಿಂದ ಎದ್ದುಬಿಟ್ಟೆ. ಹೋಗುವಾಗ ಖಾಲಿ ಡಿಕ್ಕಿ, ಬರುವಾಗ ಬೂಸಾ ಮೂಟೆಗಳು. ಹಿಂದೆ ಭಾರ ಬಿದ್ದರೆ ಕಾರಿನ ಮೂತಿ ಮೇಲೆ ಎತ್ತುತ್ತದೆ. ಅದರ ಮೇಲೆ, ಚಾಮರಾಜನಗರದಿಂದ ತೆರಕಣಾಂಬಿಯ ಕಡೆ ಬರುವ ದಾರಿ ಏರು. ಕಣ್ಣಿಗೆ ಅಷ್ಟಾಗಿ ಕಾಣುವುದಿಲ್ಲ, ಸೈಕಲ್ ತುಳಿದವರಿಗೆ ಗೊತ್ತಾಗುತ್ತದೆ. ಮೊದಲ ದಿನ ಬಿಟ್ಟರೆ ನನ್ನ ಹತ್ತಿರ ಕಾರು ಬಂದಾಗೆಲ್ಲ ಖಾಲಿಯಾಗಿ ಬರುತ್ತಿತ್ತು, ನಾನು ಓಡಿಸಿ ನೋಡಿದ್ದು ಸಮತಟ್ಟು ರಸ್ತೆಯಲ್ಲಿ.

"ಇವತ್ತೂ ಯಾವಾಗಿನಷ್ಟೇ ಹಾಕಮ್ಮ. ಒಂದೂ ಕಮ್ಮಿ ಮಾಡ್ಬೇಡ" ಅಂದೆ. ಅಜ್ಜಿ ಆ ದಿನವೂ ಕಷ್ಟಪಡಬೇಕಾಗುತ್ತದೆ ಎಂದು ಗೊತ್ತಿದ್ದೇ ಹೇಳಿದೆ.

ಮಧ್ಯಾಹ್ನ ಹೊರಟೆವು. ಅಜ್ಜಿ ಮಾತಿಲ್ಲದೆ ಮಲಗಿದ್ದರು. ಬೆಳಿಗ್ಗೆ ಹೊಲ ತೋರಿಸಿದವರೇ ಇವರು ಅನ್ನಿಸುತ್ತಿರಲಿಲ್ಲ. ಊರು ದಾಟಿ ಏರು ಶುರುವಾದಾಗ ಮುಂದೆ ಒಂದು ಕಬ್ಬಿನ ಟ್ರ್ಯಾಕ್ಟರು ಸಿಕ್ಕಿತು. ಅದರ ಹಿಂದೆ ಸಾಗಿ, ಮೆಲ್ಲಗೆ ಬಲಕ್ಕೆ ತೆಗೆದು, ಸೊಸೆ ಆಕ್ಸಿಲರೇಟರ್ ಒತ್ತಿದಳು. ಇಪ್ಪತ್ತೈದರ ಹತ್ತಿರ ವೇಗದ ಮುಳ್ಳು ಬಂದಾಗ ಅದು ಶುರುವಾಯಿತು. ಸ್ಟೇರಿಂಗ್ ಅಲುಗಲಿಲ್ಲ. ಇಡೀ ಕಾರು, ಸೀಟು, ನೆಲ, ಎಡಕ್ಕೂ ಬಲಕ್ಕೂ ತೂಗಿ ಹಾಕಿದ ಹಾಗೆ ಅದುರಿತು. ಹಿಂದೆ ಅಜ್ಜಿ ನರಳಿದರು.

"ಕಾಲು ತೆಗಿ, ಆಕ್ಸಿಲರೇಟರ್ ಬಿಡು" ಅಂದೆ. ಬಿಟ್ಟಳು. ನಡುಕ ತಟ್ಟನೆ ನಿಂತಿತು. ಕಾರು ಉರುಳುತ್ತಲೇ ಇತ್ತು.

"ಈಗ ಮೆಲ್ಲಗೆ ಒತ್ತು." ಮತ್ತೆ ಬಂತು.

ಟೈರಿನದೋ ರಿಮ್ಮಿನದೋ ಆಗಿದ್ದರೆ ಕಾಲು ತೆಗೆದ ಮಾತ್ರಕ್ಕೆ ನಿಲ್ಲುವುದಿಲ್ಲ. ಚಕ್ರ ತಿರುಗುತ್ತಿರುವವರೆಗೂ ಇರುತ್ತದೆ. ಇದು ಎಂಜಿನ್ ಚಕ್ರವನ್ನು ಎಳೆಯುವಾಗ ಮಾತ್ರ ಬರುವ ನಡುಕ. ಕಾರು ಪಕ್ಕಕ್ಕೆ ನಿಲ್ಲಿಸಿ ಜಾಗ ಬದಲಿಸಿಕೊಂಡೆವು. ಮೊದಲು ನನ್ನ ರೂಢಿಯ ಹಾಗೆ ಗೇರು ಬದಲಿಸುತ್ತ ಬೇಗ ವೇಗಕ್ಕೆ ಹೋದೆ. ಏನೂ ಆಗಲಿಲ್ಲ. ಇಪ್ಪತ್ತೈದರ ಸುತ್ತಲಿನ ಆ ಕೆಟ್ಟ ವೇಗವನ್ನು ನಾನು ಒಂದೇ ನೆಗೆತಕ್ಕೆ ದಾಟಿಬಿಡುತ್ತಿದ್ದೆ. ಅವಳ ಗಂಡನೂ ಹಾಗೆಯೇ ದಾಟಿರಬೇಕು. ಮತ್ತೆ ನಿಧಾನ ಮಾಡಿ, ಅವಳು ಓಡಿಸುವ ಹಾಗೆ, ಹಿಂದೆ ಕಾಯಿಲೆಯವರು ಮಲಗಿದ್ದಾರೆ ಎಂಬ ಎಚ್ಚರದಲ್ಲಿ ಹದವಾಗಿ ಒತ್ತಿದೆ. ನನ್ನ ಕಾಲಿನ ಕೆಳಗೂ ಕಾರು ಹಾಗೇ ನಡುಗಿತು.

"ನಿನ್ನ ಕಾಲಿಂದಲ್ಲ ಕಣಮ್ಮ ಇದು" ಅಂದೆ. "ಕಾರಿಂದು. ನೀನು ಅಜ್ಜಿಗೋಸ್ಕರ ನಿಧಾನ ಹೋಗ್ತೀಯಲ್ಲ, ಅದ್ರಿಂದ ಅದು ನಿನ್ನ ಕೈಗೆ ಮಾತ್ರ ಸಿಗ್ತಿದೆ."

ಅವಳು ಕಿಟಕಿಯ ಕಡೆ ಮುಖ ತಿರುಗಿಸಿಕೊಂಡಳು. ಸೆರಗಿನಲ್ಲಿ ಕಣ್ಣು ಒರೆಸಿಕೊಂಡದ್ದನ್ನು ನಾನು ನೋಡದವನ ಹಾಗೆ ಇದ್ದೆ. ಹಿಂದಿನಿಂದ ಅಜ್ಜಿಯ ಕೈ ಬಂದು ಅವಳ ಭುಜ ತಡವಿತು. "ನಿಂದಲ್ಲ ಅಂತ ನಾನ್ ಏಳ್ನಿಲ್ವೇನಮ್ಮಿ" ಅಂದರು ಕ್ಷೀಣವಾಗಿ.

ಇಬ್ಬರನ್ನೂ ಮನೆಗೆ ಬಿಟ್ಟು ಕಾರನ್ನು ಅವತ್ತೇ ವರ್ಕ್‌ಶಾಪಿಗೆ ತಂದೆ. ಈಗ ಸಂಶಯ ಒಂದೇ ಕಡೆ ಇತ್ತು, ಗೇರ್‌ಬಾಕ್ಸಿನ ಪಕ್ಕದಲ್ಲಿರುವ ಶಾಫ್ಟಿನ ಒಳಗಿನ ಕೀಲು. ಕಾರಿನ ಮೂತಿ ಎತ್ತಿದಾಗ ಆ ಕೀಲು ಬಾಗುವ ಕೋನ ಹೆಚ್ಚುತ್ತದೆ, ಏರಿನಲ್ಲಿ ಅದರ ಮೇಲೆ ಎಳೆತ ಹೆಚ್ಚುತ್ತದೆ. ಆದರೆ ರಬ್ಬರಿನ ಚೀಲ ಗಟ್ಟಿಯಾಗಿತ್ತಲ್ಲ? ಚೀಲ ಗಟ್ಟಿಯಿರುವ ಶಾಫ್ಟನ್ನು ಬಿಚ್ಚುವುದು ನನ್ನ ಪದ್ಧತಿಯಲ್ಲ. ಒಂದು ಸಲ ಹಿಂದೆ ಮುಂದೆ ನೋಡಿದೆ. ಆಮೇಲೆ ಗೇರ್ ಆಯಿಲ್ ಇಳಿಸಿ, ಚಕ್ರದ ನಡುವಿನ ನಟ್ಟು ಬಿಚ್ಚಿ, ಎಡಗಡೆಯ ಶಾಫ್ಟನ್ನು ಮೀಟಿ ಹೊರಗೆ ಎಳೆದೆ. ಚೀಲ ಕತ್ತರಿಸಿದಾಗ ಒಳಗಿನ ಗ್ರೀಸು ಗ್ರೀಸಾಗಿ ಉಳಿದಿರಲಿಲ್ಲ, ಕಪ್ಪು ನೀರಿನ ಹಾಗೆ ಸುರಿಯಿತು.

ಕೇರಳದಿಂದ ವಾಪಸಾಗುತ್ತಿದ್ದ ಮಗ ಆ ಹೊತ್ತಿಗೆ ತನ್ನ ಕಾರು ಕಂಡು ಲಾರಿ ರಸ್ತೆ ಬದಿ ನಿಲ್ಲಿಸಿ ಬಂದ. ಕೀಲಿನ ಬಟ್ಟಲನ್ನು ಬಟ್ಟೆಯಲ್ಲಿ ಒರೆಸಿ ಅವನ ಕೈಗೆ ಕೊಟ್ಟೆ. ಒಳಗೆ ಉರುಳೆಗಳು ಜಾರುವ ಗೋಡೆ ನುಣುಪಾಗಿರಬೇಕು. ಅವನು ಬೆರಳು ಇಳಿಸಿ ಸವರಿದ. ಸವೆದು ಬಿದ್ದ ಗುಳಿಯಲ್ಲಿ ಬೆರಳು ಸಿಕ್ಕಿ ನಿಂತಿತು. ಮತ್ತೊಮ್ಮೆ ಸವರಿದ.

"ಉರುಳೆ ಈ ಗುಳೀಲಿ ಸಿಕ್ಕಾಕ್ಕೊಂಡು ಕಾರನ್ನ ತಳ್ತಿದೆ" ಅಂದೆ. "ಜೋರಾಗಿ ಹೋದ್ರೆ ಗೊತ್ತಾಗಲ್ಲ."

ಅವನು ಬಟ್ಟಲನ್ನು ಕೆಳಗಿಟ್ಟು ಹೊರಗೆ ಹೋಗಿ ಲಾರಿಯ ಪಕ್ಕ ನಿಂತು ಫೋನ್ ಮಾಡಿದ. ಗಟ್ಟಿ ಗಂಟಲಿನವನು, ಮೆಲ್ಲಗೆ ಮಾತಾಡಲು ಹೊರಟರೂ ನನಗೆ ಕೇಳಿಸಿತು. "ನಿನ್ ಕಾಲ್ದಲ್ಲ ಕಣಮ್ಮಿ... ಊಂ, ನೋಡ್ದೆ... ನಾನು ಅಂಗನ್ಬಾರ್ದಾಗಿತ್ತು... ಅಳ್ಬೇಡ, ಸುಮ್ಕಿರು. ಅವ್ವಂಗೆ ಏಳು, ಸರಿ ಓಯ್ತದಂತೆ ಅಂತ."

ಸರಿ ಹೋಗಲು ಅದೇ ವಾರ ಆಗಲಿಲ್ಲ. ಮೈಸೂರಿನಿಂದ ಬಸ್ಸಿನಲ್ಲಿ ಹಾಕಿಸಿ ತರಿಸಿದ ಶಾಫ್ಟು ಬಲಗಡೆಯದು, ಎಡಗಡೆಯದಕ್ಕಿಂತ ಉದ್ದ. ಅದನ್ನು ವಾಪಸು ಕಳಿಸಿ ಸರಿಯಾದದ್ದು ಬರುವಷ್ಟರಲ್ಲಿ ಅಜ್ಜಿಯ ಮುಂದಿನ ಸರದಿ ಬಂದುಬಿಟ್ಟಿತು. ಅಲೈನ್‌ಮೆಂಟ್ ಅಂಗಡಿಯ ಗೆಳೆಯ ಏನೂ ಕೇಳದೆ ತನ್ನ ಕಾರಿನ ಕೀಲಿ ತಂದು, ವಿಚಾರಿಸಲು ಬಂದಿದ್ದ ಸೊಸೆಯ ಕೈಗೆ ಕೊಟ್ಟ. "ಅಮ್ಮಚ್ಚಿಯನ್ನು ಕರ್ಕೊಂಡು ಹೋಗಿ ಬನ್ನಿ. ಬೂಸಾ ಹಾಕಿದ್ರೂ ತೊಂದ್ರೆ ಇಲ್ಲ" ಅಂದ.

ಹೊಸ ಶಾಫ್ಟು ಕೂರಿಸಿ, ಎಣ್ಣೆ ತುಂಬಿ, ನಟ್ಟು ಬಿಗಿದ ಮೇಲೂ ನಾನು ಖಾಲಿ ಕಾರನ್ನು ಓಡಿಸಿ ಸರಿಯಾಯಿತು ಎನ್ನಲಿಲ್ಲ. ಅದೇ ದಾರಿ, ಅದೇ ಭಾರ ಬೇಕಿತ್ತು. ಮತ್ತೊಮ್ಮೆ ಅವರ ಜೊತೆ ಚಾಮರಾಜನಗರಕ್ಕೆ ಹೋದೆ. ಬರುವಾಗ ಡಿಕ್ಕಿಯಲ್ಲಿ ಬೂಸಾ ಮೂಟೆ, ಹಿಂದೆ ಅಜ್ಜಿ, ಸ್ಟೇರಿಂಗ್ ಹಿಡಿದು ಸೊಸೆ. ಏರು ಬಂತು. ಅವಳು ಮೂರನೇ ಗೇರಿನಲ್ಲಿ ಹದವಾಗಿ ಒತ್ತಿದಳು. ನಾನು ಅಂಗೈಯನ್ನು ಸೀಟಿನ ಕೆಳಗೆ, ನೆಲದ ಮೇಲೆ ಊರಿ ಕೂತೆ. ಇಪ್ಪತ್ತು ದಾಟಿತು, ಇಪ್ಪತ್ತೈದು, ಮೂವತ್ತು. ಎಂಜಿನ್ನಿನ ಸಣ್ಣ ಗುಂಯ್‌ಗುಟ್ಟುವಿಕೆ ಬಿಟ್ಟರೆ ಕೈಗೆ ಇನ್ನೇನೂ ತಾಗಲಿಲ್ಲ. ಅವಳು ಬೇಕೆಂದೇ ಕಾಲು ತೆಗೆದು ಮತ್ತೆ ಒತ್ತಿದಳು. ಆಗಲೂ ಏನೂ ಇಲ್ಲ.

"ಅಜ್ಜಿ, ದೆವ್ವ ಬಿಡ್ತು" ಎಂದು ಹೇಳಲು ತಿರುಗಿದೆ.

ಅಜ್ಜಿ ನಿದ್ದೆ ಹೋಗಿದ್ದರು. ಬಾಯಿ ತುಸು ತೆರೆದಿತ್ತು, ಬ್ಯಾಂಡೇಜಿನ ಕೈ ಎದೆಯ ಮೇಲೆ ಸಡಿಲವಾಗಿ ಬಿದ್ದಿತ್ತು. ಸೊಸೆ ಕನ್ನಡಿಯಲ್ಲಿ ಒಮ್ಮೆ ನೋಡಿದಳು. ಆಮೇಲೆ ಮನೆ ಬರುವವರೆಗೂ ಅದೇ ಹದದಲ್ಲಿ ಓಡಿಸಿದಳು.

ಮನೆಯ ಮುಂದಿನ ಬೇವಿನ ಮರದ ನೆರಳಿಗೆ ಕಾರು ತಂದು ಎಂಜಿನ್ ಆರಿಸಿದಳು. ನಾನು ಬಾಗಿಲಿಗೆ ಕೈ ಹಾಕಿದೆ. ಅವಳು ತೋಳು ಮುಟ್ಟಿ ತಡೆದಳು.

"ಬಾಗ್ಲು ಸದ್ದಾಯ್ತದೆ ಅಣ್ಣ" ಅಂದಳು ಪಿಸುದನಿಯಲ್ಲಿ. "ವಸಿ ಹೊತ್ತು ಮಲಗ್ಲಿ. ಈ ದಾರೀಲಿ ಅವ್ರು ನಿದ್ದೆ ಮಾಡಿದ್ದು ನಾನು ನೋಡೇ ಇಲ್ಲ."

ರಸ್ತೆಯಲ್ಲಿ ಗುಂಡ್ಲುಪೇಟೆಯ ಬಸ್ಸು ಬಂದು ನಿಂತಿತು. ನಾನು ಹತ್ತಬೇಕಾದ ಬಸ್ಸು. ಕಿಟಕಿಯ ಗಾಜನ್ನು ಸ್ವಲ್ಪ ಇಳಿಸಿ, ಗಾಳಿ ಹಿಂದಕ್ಕೆ ಹೋಗುವ ಹಾಗೆ ಮಾಡಿ, ಅದು ಹೋಗುವುದನ್ನು ನೋಡುತ್ತ ಕೂತೆ.